ವ, ವಾ ಮತ್ತು ಗಿಳಿಹಸಿರು

ನಗರ ಯೋಜನಾ ಕಚೇರಿಯ ಮೂರನೆಯ ಮಹಡಿಯಲ್ಲಿ, ಕಿಟಕಿಗೆ ಆನಿಸಿ ಹಾಕಿದ್ದ ಎಂಟಡಿ ಉದ್ದದ ಮೇಜಿನ ಹಿಂದೆ ಕೂರುತ್ತಿದ್ದವರಿಗೆ ಬಣ್ಣದ ಮೇಷ್ಟ್ರು ಎಂದು ಹೆಸರು. ಅವರು ಜನ್ಮದಲ್ಲಿ ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೆ ಗುಂಡುಪಿನ್ನು ಕೇಳಿಕೊಂಡು ಆ ಮೇಜಿನ ಹತ್ತಿರ ಹೋದವನೂ ಕುಂಚ ಹಿಡಿಯುವುದು ಹೇಗೆ, ತೊಳೆಯುವುದು ಹೇಗೆ, ತೊಳೆದ ಮೇಲೆ ಒದರುವುದು ಹೇಗೆ ಎಂದು ಕಾಲು ಗಂಟೆ ಪಾಠ ಹೇಳಿಸಿಕೊಳ್ಳದೆ ವಾಪಸು ಬಂದದ್ದಿಲ್ಲ. ಅದಕ್ಕೇ ಆ ಹೆಸರು.

ಕೆಲಸ ಕೇಳಲಿಕ್ಕೆ ಸಣ್ಣದು. ಊರಿನ ನಕ್ಷೆಗೆ ಎಂಜಿನಿಯರುಗಳು ಗೆರೆ ಎಳೆದು ಕೊಡುತ್ತಿದ್ದರು. ಪ್ರತಿ ತುಂಡು ನೆಲದ ಮೇಲೂ ಪೆನ್ಸಿಲಿನಲ್ಲಿ ಒಂದು ಅಕ್ಷರ ಇರುತ್ತಿತ್ತು. ‘ವ’ ಎಂದರೆ ವಸತಿ, ಅಲ್ಲಿ ಹಳದಿ ತುಂಬಬೇಕು. ‘ವಾ’ ಎಂದರೆ ವಾಣಿಜ್ಯ, ಅಂಗಡಿ ಕಚೇರಿಗಳ ಜಾಗ, ಅಲ್ಲಿ ನೀಲಿ. ‘ಉ’ ಎಂದರೆ ಉದ್ಯಾನ, ಕಡುಹಸಿರು. ಹೀಗೆ ಎಂಟು ಅಕ್ಷರಕ್ಕೆ ಎಂಟು ಬಣ್ಣ. ಮಕ್ಕಳ ಚಿತ್ರಪುಸ್ತಕಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಒಮ್ಮೆ ಅವರ ಹೆಂಡತಿ ಕೇಳಿಬಿಟ್ಟು, ಮೂರು ದಿನ ಮಾತಿಲ್ಲದ ಮನೆಯಲ್ಲಿ ಬಾಳಬೇಕಾಯಿತು. ಮೇಷ್ಟ್ರ ಪ್ರಕಾರ ವ್ಯತ್ಯಾಸ ಬಹಳವಿತ್ತು. ಹಳದಿ ಬಿದ್ದ ಕಡೆ ಒಂದು ಗುಂಡಿ ಹೊಲಿಯುವ ಅಂಗಡಿ ಏಳುವಂತಿಲ್ಲ, ನೀಲಿ ಬಿದ್ದ ಕಡೆ ಯಾರೂ ಸಂಸಾರ ಹೂಡುವಂತಿಲ್ಲ.

“ಎಂಜಿನಿಯರು ಗೆರೆ ಎಳೀತಾನೆ, ಸಾಹೇಬ್ರು ಸಹಿ ಹಾಕ್ತಾರೆ. ಆದ್ರೆ ಊರು ಹುಟ್ಟೋದು ಬಣ್ಣ ಬಿದ್ಮೇಲೇನೇ,” ಎನ್ನುವರು. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತಿತ್ತು. ಅದನ್ನು ಆ ಮಹಡಿಯ ಕುರ್ಚಿಗಳೂ ಗಿಳಿಪಾಠದ ಹಾಗೆ ಒಪ್ಪಿಸಬಲ್ಲವಾಗಿದ್ದವು: “ಮೂವತ್ತೊಂದು ವರ್ಷ ಆಯ್ತು. ನನ್ನ ಕುಂಚ ಒಂದು ಗೆರೆ ದಾಟಿಲ್ಲ.”

ಕಂಪ್ಯೂಟರ್ ಬಂದ ಮೇಲೆ ಕುಂಚಕ್ಕೆ ಕೆಲಸ ಉಳಿಯಲಿಲ್ಲ. ಆದರೂ ಮೇಷ್ಟ್ರನ್ನು ಆ ಮೇಜಿನಿಂದ ಎಬ್ಬಿಸುವ ಧೈರ್ಯ ಯಾರಿಗೂ ಬರಲಿಲ್ಲ. ಕೆಲಸಕ್ಕೆ ಸೇರಿದ ವರ್ಷವೇ ಅವರು ಕೈಯಾರೆ ಬಣ್ಣ ತುಂಬಿದ ಮೂಲ ನಕ್ಷೆ ಅದರ ಡ್ರಾಯರಿನಲ್ಲೇ ಇತ್ತು. ಊರಿನ ಯಾವ ಜಾಗದ ತಕರಾರಿಗೂ ಕೊನೆಯ ಮಾತು ಆ ಹಾಳೆಯದು. ಡ್ರಾಯರಿನ ಬೀಗದ ಕೈ ಮೇಷ್ಟ್ರ ಸೊಂಟದಲ್ಲಿತ್ತು. ಅವರು ನಡೆದಾಗ ಅದು ಕಿಣಿಕಿಣಿ ಎನ್ನುತ್ತಿತ್ತು. ನಿವೃತ್ತಿಗೆ ಇನ್ನು ಆರು ವಾರ ಇದ್ದಾಗ ಆ ಕಿಣಿಕಿಣಿ ಸ್ವಲ್ಪ ಜೋರಾಗಿದ್ದಂತೆ ಕೆಲವರಿಗೆ ಅನಿಸಿತ್ತು.

ಆ ನಕ್ಷೆ ನೋಡಲಿಕ್ಕೆ ಚಂದ. ಊರನ್ನು ಸೀಳಿಕೊಂಡು ಒಂದು ನದಿ. ನದಿಯ ಈಚೆಗೆ ಹೆಚ್ಚುಕಡಿಮೆ ಎಲ್ಲ ನೀಲಿ, ಆಚೆಗೆ ಕಣ್ಣು ಹಾಯುವವರೆಗೆ ಹಳದಿ. ಮನೆಗಳು ಮನೆಗಳ ಕಡೆ ಇರಲಿ, ಕೆಲಸ ಕೆಲಸದ ಕಡೆ ಇರಲಿ, ಸದ್ದುಗದ್ದಲ ಬೇರೆ, ನೆಮ್ಮದಿ ಬೇರೆ ಎಂದು ಆ ಕಾಲದ ದೊಡ್ಡವರು ತೀರ್ಮಾನಿಸಿದ್ದರು. ಬೀರುವಿನಲ್ಲಿ ಅಂಗಿಗೊಂದು ಖಾನೆ, ಹೊದಿಕೆಗೊಂದು ಖಾನೆ ಮಾಡಿದಷ್ಟು ಅಚ್ಚುಕಟ್ಟು. ಈ ಬೀರುವಿನ ಅಂಗಿಗಳು ಮಾತ್ರ ದಿನಾ ಬೆಳಿಗ್ಗೆ ಆ ಖಾನೆಯಿಂದ ಈ ಖಾನೆಗೆ ಬಂದು, ಸಂಜೆ ಮತ್ತೆ ಆ ಖಾನೆಗೆ ಹೋಗಬೇಕಾಗುತ್ತದೆ ಎಂಬುದು ಯಾರಿಗೂ ಹೊಳೆಯಲಿಲ್ಲ. ಎರಡು ಖಾನೆಗಳ ನಡುವೆ ಇದ್ದದ್ದು ಒಂದು ಸೇತುವೆ.

ಸೇತುವೆಯನ್ನು ಒಮ್ಮೆ ಅಗಲ ಮಾಡಿದರು. ದಾರಿ ಸಲೀಸಾಯಿತೆಂದು ಹಳದಿಯಲ್ಲಿ ಇನ್ನೂ ದೂರ ದೂರಕ್ಕೆ ಮನೆಗಳೆದ್ದವು, ಸೇತುವೆ ತುಂಬಿತು. ಮತ್ತೊಮ್ಮೆ ಅಗಲ ಮಾಡಿದರು, ಮತ್ತೊಮ್ಮೆ ತುಂಬಿತು. ಹಳದಿಯಲ್ಲಿ ಮೊದಲು ಮನೆ ಕಟ್ಟಿಕೊಂಡವರಲ್ಲಿ ಮೇಷ್ಟ್ರೂ ಒಬ್ಬರು. ತಾವೇ ತುಂಬಿದ ಬಣ್ಣ ಎಂಬ ಅಭಿಮಾನ. ಸಂಜೆ ಐದು ಇಪ್ಪತ್ತರ ಬಸ್ಸು ಆಗ ಅವರನ್ನು ಇಪ್ಪತ್ತೈದು ನಿಮಿಷಕ್ಕೆ ಮನೆ ಮುಟ್ಟಿಸುತ್ತಿತ್ತು. ಈಗ ಅದೇ ಐದು ಇಪ್ಪತ್ತರ ಬಸ್ಸು ಏಳೂ ಹತ್ತಕ್ಕೆ ಮುಟ್ಟಿಸಿದರೆ ಪುಣ್ಯ. ಸೇತುವೆಯ ಮೇಲೆ ನಿಂತ ಬಸ್ಸಿನಲ್ಲಿ, ಒಬ್ಬರ ಮೊಣಕೈಯನ್ನು ಇನ್ನೊಬ್ಬರು ದಿಂಬು ಮಾಡಿಕೊಂಡ ಜನರ ಮಧ್ಯೆ ಜೋತಾಡುತ್ತ, ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆ ತಮಗೂ ಅನ್ವಯಿಸೀತೆಂದು ಮೇಷ್ಟ್ರಿಗೆ ಒಂದು ದಿನವೂ ಅನಿಸಿರಲಿಲ್ಲ. ಅವರು ಡ್ರೈವರನನ್ನು ಬೈಯುತ್ತಿದ್ದರು.

ಅನಿಸುವಂತೆ ಮಾಡಿದವಳು ಮಗಳು.

ಮಗಳು ನದಿಯ ಈಚೆಗೆ ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಅಳಿಯ ಲಿಫ್ಟ್ ಮೆಕ್ಯಾನಿಕ್. ಮೂರು ವರ್ಷದ ಮೊಮ್ಮಗಳ ಸಮೇತ ಎಲ್ಲರೂ ಮೇಷ್ಟ್ರ ಮನೆಯಲ್ಲೇ ಇದ್ದರು. ಮಗಳು ಹೊರಡುವಾಗ ಮಗು ಎದ್ದಿರುತ್ತಿರಲಿಲ್ಲ, ಬರುವಾಗ ಮಲಗಿಬಿಟ್ಟಿರುತ್ತಿತ್ತು. ಒಂದು ಭಾನುವಾರ ಆ ಮಗು ಅಮ್ಮನನ್ನು ದಿಟ್ಟಿಸಿ ನೋಡಿ, ಅಜ್ಜಿಯ ಸೆರಗಿನ ಹಿಂದೆ ಸರಿದು, “ಇವ್ರು ಇವತ್ತು ಇಲ್ಲೇ ಇರ್ತಾರಾ?” ಎಂದು ಕೇಳಿತು. ಎಲ್ಲರೂ ನಕ್ಕರು. ಮಗಳು ನಗುತ್ತಲೇ ಎದ್ದು ಹೋಗಿ, ಮಡಚಿಟ್ಟಿದ್ದ ಬಟ್ಟೆಯನ್ನೆಲ್ಲ ಬಿಚ್ಚಿ ಮತ್ತೆ ಮಡಚತೊಡಗಿದಳು.

ಮಾರನೆಯ ದಿನದಿಂದ ಮನೆ ಹುಡುಕಾಟ. ನದಿಯ ಈಚೆ ನೀಲಿಯ ನಡುವೆ ಅಲ್ಲೊಂದು ಇಲ್ಲೊಂದು ಹಳದಿ ಪಟ್ಟಿ ಇದ್ದವು. ಅವುಗಳ ಬಾಡಿಗೆ ಕೇಳಿ ಅಳಿಯ ಎರಡು ಸಲ ಕಿವಿ ಉಜ್ಜಿಕೊಂಡ. ಒಂದು ಮನೆಗೆ ಕಿಟಕಿಯೇ ಇರಲಿಲ್ಲ. ಅದನ್ನು ಹೇಳಿದರೆ ದಲ್ಲಾಳಿ, ಕಿಟಕಿ ಬೇಕಾದವರು ಸೇತುವೆ ಆಚೆ ಹೋಗಲಿ, ಅಲ್ಲಿ ಬಸ್ಸಿನಲ್ಲೂ ಎರಡು ಗಂಟೆ ಕಿಟಕಿ ಸಿಗುತ್ತೆ ಎಂದನಂತೆ. ಮಗಳು ಮನೆಗೆ ಬಂದು, “ಅಪ್ಪಾ, ಅವ್ರು ಬಾಡಿಗೆ ಕೇಳ್ತಿರೋದು ಮನೆಗಲ್ಲ. ಸೇತುವೆ ದಾಟದೇ ಇರೋದಕ್ಕೆ,” ಎಂದಳು. ಮೇಷ್ಟ್ರು ಪೇಪರು ಮಡಚಿದರು.

ಎರಡು ತಿಂಗಳ ಮೇಲೆ ಒಂದು ಮನೆ ಸಿಕ್ಕಿತು. ಕೈಗೆಟುಕುವ ಬಾಡಿಗೆ, ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ, ಲ್ಯಾಬಿಗೆ ನಡೆದು ಹೋಗುವ ದೂರ. ಮೇಷ್ಟ್ರಿಗೆ ನಂಬಿಕೆ ಬರಲಿಲ್ಲ. ಈಚೆ ದಡದಲ್ಲಿ ಅಂಗಡಿಯ ಮೇಲೆ ಮನೆ ಎಂದರೆ ನೀಲಿಯ ಮೇಲೆ ಹಳದಿ. ಅದು ತಮ್ಮ ನಕ್ಷೆಯಲ್ಲಿ ಸಾಧ್ಯವೇ ಇಲ್ಲ. ಏನೋ ಮೋಸವಿದೆ, ಬಣ್ಣದ ಮಾತಿಗೆ ಮಕ್ಕಳು ಮರುಳಾಗಿದ್ದಾರೆ ಎಂದುಕೊಂಡು, ಮಗಳು ಅಳಿಯ ಬಿಡಾರ ಬದಲಿಸಿದ ಮೊದಲ ವಾರವೇ ಒಂದು ಬುಧವಾರ ಅರ್ಧ ದಿನ ರಜೆ ಹಾಕಿ ತಪಾಸಣೆಗೆ ಹೊರಟರು.

ಮೂವತ್ತೊಂದು ವರ್ಷ ಊರಿಗೆ ಬಣ್ಣ ಹಚ್ಚಿದ ಮನುಷ್ಯ ಊರಿನಲ್ಲಿ ನೋಡಿದ್ದು ಎರಡೇ: ಕಚೇರಿ, ಮನೆ. ಮಿಕ್ಕದ್ದು ಬಸ್ಸಿನ ಕಿಟಕಿ. ಹಾಗಾಗಿ ಅವತ್ತು ಸಂಜೆ ಐದರ ಹೊತ್ತಿಗೆ ಕಾಲುವೆಯ ಕಿರುಸೇತುವೆ ದಾಟಿ ಆ ಬೀದಿಗೆ ಕಾಲಿಟ್ಟಾಗ, ಅವರಿಗೆ ಮೊದಲು ತಿಳಿದದ್ದು ಕಣ್ಣಿನಿಂದಲ್ಲ, ಕಿವಿಯಿಂದ. ಏನೋ ಒಂದು ಸದ್ದು ಬರುತ್ತಿತ್ತು. ಎಲ್ಲೋ ಕೇಳಿದ ಸದ್ದು, ಆದರೆ ಏನೆಂದು ಗೊತ್ತಾಗುತ್ತಿಲ್ಲ. ನಿಂತು ಆಲಿಸಿದರು. ಅದು ಜನರ ಕಾಲ ಸಪ್ಪಳ. ನೂರಾರು ಜನ ಒಟ್ಟಿಗೆ ನಡೆಯುವಾಗ, ಅದನ್ನು ಮುಚ್ಚಿಹಾಕಲು ಒಂದೂ ಹಾರನ್ನು ಇಲ್ಲದಿದ್ದಾಗ, ಸಣ್ಣ ಮಳೆ ಶುರುವಾದ ಹಾಗೆ ಕೇಳಿಸುವ ಸಪ್ಪಳ.

ಲ್ಯಾಬು ಬಿಟ್ಟಿತ್ತು, ಅಚ್ಚುಕೂಟ ಬಿಟ್ಟಿತ್ತು, ಯಾವುದೋ ವಿಮಾ ಕಚೇರಿ ಬಿಟ್ಟಿತ್ತು. ಜನ ಚೀಲ ಹೆಗಲಿಗೇರಿಸಿ ನಡೆದು ಬರುತ್ತಿದ್ದರು, ಮಾತಾಡುತ್ತಿದ್ದರು, ನಡುವೆ ಒಬ್ಬೊಬ್ಬರಾಗಿ ಪಕ್ಕದ ಮೆಟ್ಟಿಲು ಹತ್ತಿ ಮಾಯವಾಗುತ್ತಿದ್ದರು. ಕೆಳಗೆ ಕಬ್ಬಿಣದ ಸಾಮಾನಿನ ಅಂಗಡಿ, ಅದರ ಮೇಲೆ ಮಗ್ಗಿ ಹೇಳುವ ಮಕ್ಕಳ ದನಿ, ಅದರ ಮೇಲೆ ಒಣಗಲು ಹಾಕಿದ ಬಟ್ಟೆ. ಪಕ್ಕದಲ್ಲಿ ಬೀಗದ ಕೈ ಮಾಡುವವನು ಬಾಗಿಲು ಎಳೆದು, ಅದೇ ಬಾಗಿಲ ಪಕ್ಕದ ಮೆಟ್ಟಿಲಿನಲ್ಲಿ ಕೂತು, ಹೊಸ್ತಿಲು ದಾಟದೆ ಮನೆಗೆ ಹೋದವನ ಹಾಗೆ ಚಹಾ ಕುಡಿಯುತ್ತಿದ್ದ. ಮೇಷ್ಟ್ರು ನೋಡನೋಡುತ್ತಿದ್ದಂತೆ ಮೇಲಿನ ಕಿಟಕಿಗಳಲ್ಲಿ ದೀಪ ಹತ್ತತೊಡಗಿದವು. ಒಂದು, ಮೂರು, ಹತ್ತು. ಕೆಳಗೆ ಕೆಲಸ ಆರುತ್ತಿದ್ದಂತೆ ಮೇಲೆ ಸಂಸಾರ ಹೊತ್ತಿಕೊಳ್ಳುತ್ತಿತ್ತು. ಇದಕ್ಕೆ ಬೇಕಾದ ವಾಹನ ಒಂದು ಮೆಟ್ಟಿಲು. ಮೇಷ್ಟ್ರು ಬಾಯಿ ತೆರೆದು ನಿಂತಿದ್ದರು, ಮತ್ತು ತೆರೆದಿರುವುದು ಅವರಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಮಗಳು ಬಂದಳು. ಲ್ಯಾಬಿನ ಗೇಟಿನಿಂದ ಇಲ್ಲಿಗೆ ಏಳು ನಿಮಿಷವಂತೆ, ನಿಧಾನವಾಗಿ ನಡೆದರೆ. ಸೈಕಲ್ ಅಂಗಡಿಯ ಮೆಟ್ಟಿಲಿನಲ್ಲಿ, ಅಂಗಡಿಯವನ ಕಣ್ಣಳತೆಯಲ್ಲಿ, ಮೊಮ್ಮಗಳು ಕಾದು ಕೂತಿದ್ದಳು. ಅಮ್ಮನನ್ನು ಕಂಡು ಓಡಿ ಬರಲಿಲ್ಲ, ಕೂಗಲೂ ಇಲ್ಲ. ದಿನಾ ನಡೆಯುವ ಸಂಗತಿ ಎಂಬ ಹಾಗೆ, ಕೈಯಲ್ಲಿದ್ದ ಹಳೆಯ ಸೈಕಲ್ ಬೆಲ್ಲನ್ನು ಕಿಣಿ ಎನ್ನಿಸಿ, ಪಕ್ಕಕ್ಕೆ ಸರಿದು ಕೂರಲು ಜಾಗ ಕೊಟ್ಟಳು. ಒಂದೇ ವಾರದಲ್ಲಿ ಅಮ್ಮ ಆ ಮಗುವಿಗೆ ಮಾಮೂಲಾಗಿಬಿಟ್ಟಿದ್ದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಧೂಳು ಎಂದರು.

ಮನೆಯ ಯಜಮಾನ, ಕೈಯೆಲ್ಲ ಗ್ರೀಸು ಮಾಡಿಕೊಂಡ ಸೈಕಲ್ ರಿಪೇರಿಯವನು. ಬಾಡಿಗೆ ಯಾಕಿಷ್ಟು ಕಡಿಮೆ ಎಂದು ಮೇಷ್ಟ್ರು ಪೊಲೀಸರ ಹಾಗೆ ಕೇಳಿದರು. ಅವನು, ಈ ಐದು ಬೀದಿಯಲ್ಲಿ ಪ್ರತಿ ಅಂಗಡಿ ಮೇಲೂ ಎರಡು ಮೂರು ಮನೆ ಇವೆ, ನಾನು ಬಾಯಿಗೆ ಬಂದಷ್ಟು ಕೇಳಿದರೆ ಎದುರಿನ ದರ್ಜಿಯಮ್ಮ ಕಡಿಮೆಗೆ ಕೊಟ್ಟು ನಿಮ್ಮ ಮಗಳನ್ನು ಕರೆದುಕೊಂಡು ಹೋಗುತ್ತಾಳೆ ಎಂದ. ಸರಿ, ಆದರೆ ಮನೆ ಕಟ್ಟಲು, ಅಂಗಡಿ ಇಡಲು, ಎರಡಕ್ಕೂ ಪರವಾನಗಿ ಹೇಗೆ ಸಿಕ್ಕಿತು?

“ಅದೇನು ದೊಡ್ಡದು ಸಾರ್? ಮನೆ ಅರ್ಜಿ ಬೆಳಿಗ್ಗೆ ಕೊಡ್ಬೇಕು, ಅಂಗಡಿ ಅರ್ಜಿ ಮೂರು ಗಂಟೆ ಮೇಲೆ,” ಎಂದ ಅವನು, ಎಲ್ಲರಿಗೂ ಗೊತ್ತಿರುವುದನ್ನು ಹೇಳುವ ದನಿಯಲ್ಲಿ. “ನಮ್ಮಪ್ಪನ ಕಾಲದಿಂದ್ಲೂ ಹಾಗೇ. ಕೌಂಟರಿನ ಗುಮಾಸ್ತರು ನಕ್ಷೆಯ ನಕಲು ಹಾಳೇನ ಕಿಟಕಿ ಹತ್ರ ಹಿಡೀತಾರೆ. ಬೆಳಿಗ್ಗೆ ಬಿಸಿಲಲ್ಲಿ ನಮ್ಮ ಜಾಗ ಹಳದಿ ಕಾಣುತ್ತೆ, ಮನೆಗೆ ಒಪ್ಪಿಗೆ. ಸಂಜೆ ಬೆಳಕಲ್ಲಿ ನೀಲಿ ಕಾಣುತ್ತೆ, ಅಂಗಡಿಗೆ ಒಪ್ಪಿಗೆ. ನಮ್ದು ಗಿಳಿಬಣ್ಣ ಸಾರ್.”

ಅವನು ತರಿಸಿಕೊಟ್ಟಿದ್ದ ಚಹಾ ಲೋಟ ಮೇಷ್ಟ್ರ ಕೈಯಲ್ಲಿ ಅರ್ಧಕ್ಕೇ ನಿಂತಿತು. ಹಿಂದೆ ತಿರುಗಿ ನೋಡಿದರು, ಕಾಲುವೆ ಬಾಗಿತ್ತು. ಮುಂದೆ ನೋಡಿದರು, ಬೀದಿಯ ತುದಿಯಲ್ಲಿ ರೈಲುಹಳಿ. ಕಾಲುವೆಗೂ ಹಳಿಗೂ ನಡುವೆ ಕಿವಿಯ ಆಕಾರದ ಒಂದು ತುಂಡು ನೆಲ. ಆ ಕಿವಿಯನ್ನು ಅವರು ಬಲ್ಲರು. ಅದರ ಅಂಚಿನ ಒಂದೊಂದು ಡೊಂಕೂ ಅವರ ಬೆರಳಿಗೆ ಗೊತ್ತಿತ್ತು.

ಮೂವತ್ತೊಂದು ವರ್ಷದ ಹಿಂದೆ, ಮಾರನೆಯ ಬೆಳಿಗ್ಗೆ ದೊಡ್ಡವರೆಲ್ಲ ಸಹಿ ಹಾಕಬೇಕಾಗಿದ್ದ ನಕ್ಷೆಯಲ್ಲಿ ಕೊನೆಗೆ ಉಳಿದದ್ದು ಈ ಕಿವಿ. ಆಗಿನ್ನೂ ಕೆಲಸಕ್ಕೆ ಹೊಸಬರಾಗಿದ್ದ ಮೇಷ್ಟ್ರು ಅಕ್ಷರ ನೋಡಿದರು: ‘ವ’. ಹಳದಿ ತುಂಬಿದರು. ತುಂಬಿ ಮುಗಿಸಿ ಭೂತಗನ್ನಡಿ ಹಿಡಿದರೆ, ‘ವ’ದ ಪಕ್ಕದಲ್ಲಿ ಯಾರದೋ ತೋಳು ಉಜ್ಜಿ ಮಾಸಿದ ಒಂದು ದೀರ್ಘ ಕಂಡಿತು. ‘ವಾ’. ನೀಲಿ ಆಗಬೇಕಿತ್ತು. ಇಂಥ ತಪ್ಪಿಗೆ ಶಾಸ್ತ್ರವಿದೆ. ಹಳದಿ ಒಣಗಲು ಒಂದು ಗಂಟೆ ಬಿಡಬೇಕು, ಬ್ಲೇಡಿನಿಂದ ಹೆರೆಯಬೇಕು, ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆದು ಆಮೇಲೆ ನೀಲಿ ಹಚ್ಚಬೇಕು. ಆಗ ಗಂಟೆ ಐದಾಗಿತ್ತು. ಐದು ಇಪ್ಪತ್ತಕ್ಕೆ ಬಸ್ಸು. ಅದು ತಪ್ಪಿದರೆ ಮುಂದಿನ ಬಸ್ಸು ಎಂಟಕ್ಕೆ. ಮೇಷ್ಟ್ರು ಗೋಡೆ ಗಡಿಯಾರ ನೋಡಿದರು, ಬಾಗಿಲು ನೋಡಿದರು, ಹಸಿ ಹಳದಿಯ ಮೇಲೇ ನೀಲಿ ಬಳಿದು, ಕುಂಚವನ್ನೂ ತೊಳೆಯದೆ ಓಡಿದರು. ಬೆಳಿಗ್ಗೆ ಬಂದು ನೋಡಿದರೆ ಕಿವಿ ಗಿಳಿಹಸಿರಾಗಿತ್ತು. ಹನ್ನೊಂದಕ್ಕೆ ದೊಡ್ಡವರು ಬಂದರು, ನಕ್ಷೆಯ ಚಂದಕ್ಕೆ ತಲೆದೂಗಿದರು, ಸಹಿ ಹಾಕಿದರು. ಅದಾದ ಮೇಲೆ ಮೇಷ್ಟ್ರು ಆ ನೆನಪಿನ ಮೇಲೂ ಒಂದು ಕೋಟು ಬಣ್ಣ ಹೊಡೆದುಕೊಂಡಿದ್ದರು. ಮೂವತ್ತೊಂದು ವರ್ಷಕ್ಕೆ ಅದು ಎಷ್ಟು ಗಟ್ಟಿಯಾಗಿ ಒಣಗಿತ್ತೆಂದರೆ, ತಾವು ತಪ್ಪೇ ಮಾಡಿಲ್ಲ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು.

ಈಗ ಆ ತಪ್ಪಿನೊಳಗೆ ನಿಂತು ಚಹಾ ಕುಡಿಯುತ್ತಿದ್ದರು. ಅದರೊಳಗೆ ಐದು ಬೀದಿ ಇದ್ದವು. ಅದರೊಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರು, ತಮ್ಮ ಮಗಳು ಮೆಟ್ಟಿಲಿನಲ್ಲಿ ಮಗುವಿನ ಪಕ್ಕ ಕೂತಿದ್ದಳು. ಒಂದು ಬೆರಳಗಲ ಬಣ್ಣ ಇಷ್ಟು ಜನರನ್ನು ಹಿಡಿಸುತ್ತದೆ ಎಂದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ಊರು ಹುಟ್ಟುವುದು ಬಣ್ಣ ಬಿದ್ದ ಮೇಲೆ ಎಂದು ಸಾವಿರ ಸಲ ಹೇಳಿದ್ದರು. ಅದು ನಿಜ ಎಂದು ಗೊತ್ತಾದದ್ದು ಅವತ್ತು. ವಾಪಸು ಹೋಗುವಾಗ ಸೇತುವೆಯ ಮೇಲೆ ಬಸ್ಸು ಮುಕ್ಕಾಲು ಗಂಟೆ ನಿಂತಿತು. ಅವರು ಡ್ರೈವರನನ್ನು ಬೈಯಲಿಲ್ಲ.

ಹದಿನೈದು ದಿನ ಕಳೆದಿರಲಿಲ್ಲ, ಸೈಕಲ್ ಅಂಗಡಿಗೆ ನೋಟೀಸು ಬಂತು. ಐದು ಬೀದಿಯ ಪ್ರತಿ ಬಾಗಿಲಿಗೂ ಬಂತು. ಹೊಸ ನಗರ ಯೋಜನೆ ತಯಾರಾಗುತ್ತಿದೆ; ತಮ್ಮ ಕಟ್ಟಡವು ಉದ್ಯಾನಕ್ಕೆ ಮೀಸಲಾದ ಜಾಗದಲ್ಲಿರುವುದು ಕಂಡುಬಂದಿದೆ; ತೆರವಿಗೆ ಆಕ್ಷೇಪಣೆ ಇದ್ದಲ್ಲಿ ಇಂಥ ದಿನ ಹಾಜರಾಗಿ ತಿಳಿಸತಕ್ಕದ್ದು. ಮಗಳು ಫೋನಿನಲ್ಲಿ ಅದನ್ನು ಓದಿ ಹೇಳುವಾಗ ದನಿ ಗಟ್ಟಿಯಾಗಿಯೇ ಇತ್ತು. ಕೊನೆಗೆ ಮಾತ್ರ, “ಅಪ್ಪಾ, ಮಗುಗೆ ಈಗಷ್ಟೇ ಅಭ್ಯಾಸ ಆಗಿತ್ತು,” ಎಂದು ಫೋನಿಟ್ಟಳು.

ಆದದ್ದಿಷ್ಟು. ಮೂಲ ನಕ್ಷೆಯನ್ನು ಯಂತ್ರದ ಕೆಳಗಿಟ್ಟು ಕಂಪ್ಯೂಟರಿಗೆ ಇಳಿಸಿದ್ದರು. ಅದಕ್ಕೆ ಹೇಳಿಕೊಟ್ಟದ್ದು ಎಂಟು ಬಣ್ಣ. ಒಂಬತ್ತನೆಯದು ಕಂಡಾಗ ಅದು ಬೆಳಿಗ್ಗೆಯ ಬಿಸಿಲಿಗೂ ಕಾಯಲಿಲ್ಲ, ಮೂರು ಗಂಟೆಗೂ ಕಾಯಲಿಲ್ಲ. ಹತ್ತಿರದ ಬಣ್ಣ ಯಾವುದು ಎಂದು ನೋಡಿ, ಗಿಳಿಯನ್ನು ಗಿಡಕ್ಕೆ ಸೇರಿಸಿತು. ಉದ್ಯಾನ ಎಂದು ಒಮ್ಮೆ ಆಯಿತೋ, ಮುಗಿಯಿತು. ಹೊಸ ಯೋಜನೆಯಲ್ಲಿ ಏನನ್ನು ಬೇಕಾದರೂ ಬದಲಾಯಿಸಬಹುದು, ಹಸಿರನ್ನು ಕಡಿಮೆ ಮಾಡುವಂತಿಲ್ಲ ಎಂಬುದು ನಿಯಮ.

ಹೊಸದಾಗಿ ಬಂದಿದ್ದ ಯೋಜಕಿ, ಕೂದಲಿಗೆ ಪೆನ್ಸಿಲು ಸಿಕ್ಕಿಸಿಕೊಂಡು ಮರೆತು ಪೆನ್ಸಿಲು ಹುಡುಕುವ ಹುಡುಗಿ, ಮೇಷ್ಟ್ರ ಮೇಜಿಗೆ ಬಂದಳು. ಆ ಕಿವಿಯ ಮೇಲೆ ಬೆರಳಿಟ್ಟು, ಇದು ನಿಜಕ್ಕೂ ಉದ್ಯಾನದ ಹಸಿರಾ, ನಿಮಗೇನಾದರೂ ನೆನಪಿದೆಯಾ ಎಂದು ಕೇಳಿದಳು. ಕೇಳಿದ್ದು ಅಷ್ಟೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮೇಷ್ಟ್ರು, “ನನ್ನ ಕುಂಚ ಒಂದು ಗೆರೆ ದಾಟಿಲ್ಲ ಮೇಡಂ,” ಎಂದುಬಿಟ್ಟರು. ಅವಳು ಗೆರೆಯ ಸುದ್ದಿ ಎತ್ತಿರಲಿಲ್ಲ. ಸ್ವಲ್ಪ ಹೊತ್ತು ಅವರ ಮುಖ ನೋಡಿ, “ವಿಚಾರಣೆ ಶುಕ್ರವಾರ,” ಎಂದು ಹೇಳಿ ಹೋದಳು.

ಆ ಭಾನುವಾರ ಬೆಳಿಗ್ಗೆ ಮೇಷ್ಟ್ರು ಹೆಂಡತಿಯ ಮುಂದೆ ಬಾಯಿಬಿಟ್ಟರು. ಕಷ್ಟ ಏನೆಂದರೆ, ಬೀಳ್ಕೊಡುಗೆಗೆ ಕಚೇರಿಯವರು ಹಿತ್ತಾಳೆಯ ಫಲಕ ಮಾಡಿಸಿದ್ದರು. ಅದರ ಮೇಲೆ ಬರೆಸಿದ್ದ ಮಾತು ‘ಗೆರೆ ದಾಟದ ಕುಂಚ’. ನಿರ್ದೇಶಕರೇ ಸೂಚಿಸಿದ್ದು. ಈಗ ಹೋಗಿ ಎಲ್ಲರೆದುರು ತಾವೇ ಬಣ್ಣ ಬಯಲು ಮಾಡಿಕೊಂಡರೆ, ಮೂವತ್ತೊಂದು ವರ್ಷದಲ್ಲಿ ಉಳಿಯುವುದು ಆ ಒಂದು ಸಂಜೆ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ತಪ್ಪು ಎಂದು ಒಪ್ಪಿಕೊಂಡರೆ, ತಪ್ಪನ್ನು ತಿದ್ದಿ ಎಂದಾರು. ತಿದ್ದಿದರೆ ‘ವಾ’. ಅಂಗಡಿಗಳು ಉಳಿದಾವು, ಮೇಲಿನ ಮನೆಗಳು ಖಾಲಿ.

ಹೆಂಡತಿ ಎಲ್ಲ ಕೇಳಿಸಿಕೊಂಡರು. ಮೂವತ್ತೊಂದು ವರ್ಷದಿಂದ ಗೆರೆಯ ಕಥೆ ಕೇಳಿ ಅವರ ಕಿವಿ ಹಣ್ಣಾಗಿತ್ತು.

“ಒಂದ್ಸಲ ತಪ್ಪು ಮಾಡಿದ್ರಿ, ಏಳು ನಿಮಿಷಕ್ಕೆ ಮನೆ ಸೇರೋ ಐದು ಬೀದಿ ಆಯ್ತು ಅಂತೀರಿ,” ಎಂದರು ನಿಧಾನವಾಗಿ. “ಮಿಕ್ಕಿದ್ದೆಲ್ಲ ಸರಿಯಾಗೇ ಮಾಡಿದ್ರಲ್ಲ, ಅದ್ರಿಂದ ಏನಾಯ್ತು ಅಂತ ನಾನು ದಿನಾ ನೋಡ್ತಾನೇ ಇದೀನಿ. ಸಂಜೆ ಐದು ಗಂಟೆಗೆ ಬಿಟ್ಟೋರು, ಬಾಗಿಲು ತೆಗೆದ್ರೆ ಹಿಂಡಿದ ಬಟ್ಟೆ ಥರ ನಿಂತಿರ್ತೀರಿ. ಯಾವ್ದು ರೀ ತಪ್ಪು, ಯಾವ್ದು ಸರಿ?”

ಮೇಷ್ಟ್ರು ಎದ್ದು ಹೋಗಿ ಹಳೆಯ ಪೆಟ್ಟಿಗೆ ತೆಗೆದು, ಗಟ್ಟಿಯಾಗಿದ್ದ ಕುಂಚವನ್ನು ನೀರಲ್ಲಿ ನೆನೆಹಾಕಿದರು.

ಶುಕ್ರವಾರ ನಿರ್ದೇಶಕರ ಕೋಣೆಯ ಹೊರಗೆ ಐದು ಬೀದಿಯೇ ಬಂದು ನಿಂತಿತ್ತು. ಸೈಕಲ್ ರಿಪೇರಿಯವನು ಗ್ರೀಸು ತೊಳೆದುಕೊಂಡು ಗುರುತು ಸಿಗದ ಹಾಗಾಗಿದ್ದ. ಮಗಳು ರಜೆ ಹಾಕಿ ಬಂದು, ತೆರೆದ ಬಾಗಿಲ ಪಕ್ಕದ ಗೋಡೆಗೊರಗಿ ನಿಂತಿದ್ದಳು. ಒಳಗೆ ನಿರ್ದೇಶಕರು ಮೂರು ಪೆನ್ನುಗಳನ್ನು ಸಾಲಾಗಿಟ್ಟುಕೊಂಡು, ಮೂರರಲ್ಲೂ ಬರೆಯದೆ, ಜನರ ಅಹವಾಲು ಕೇಳಿದರು. ಆಮೇಲೆ ಕಾನೂನಿನ ಕಣ್ಣಿಗೆ ಕರುಣೆ ಇದೆ, ಆದರೆ ಬಣ್ಣಗುರುಡು ಇಲ್ಲ, ಹಸಿರೆಂದರೆ ಹಸಿರೇ ಎಂದು ಹೇಳಿ, ಆ ಮಾತು ತಮಗೇ ಬಹಳ ಹಿಡಿಸಿದ್ದರಿಂದ ಇನ್ನೊಮ್ಮೆ ಹೇಳಿದರು. ಅವರು ಮೊದಲನೆಯ ಪೆನ್ನು ಎತ್ತಿಕೊಳ್ಳುವ ಹೊತ್ತಿಗೆ ಬಾಗಿಲಲ್ಲಿ ಕಿಣಿಕಿಣಿ ಕೇಳಿಸಿತು.

ಮೇಷ್ಟ್ರು ಒಂದು ಕೈಯಲ್ಲಿ ಮೂಲ ನಕ್ಷೆಯ ಸುರುಳಿ, ಇನ್ನೊಂದರಲ್ಲಿ ಬಣ್ಣದ ತಟ್ಟೆ ಹಿಡಿದು ಬಂದರು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ನಿರ್ದೇಶಕರ ಪೆನ್ನುಗಳನ್ನು ಪಕ್ಕಕ್ಕೆ ಸರಿಸಿ, ಒಂದು ಬಿಳಿ ಹಾಳೆ ಹಾಸಿ, ಕಿವಿಯ ಆಕಾರದ ಗೆರೆ ಎಳೆದು, ಅದರೊಳಗೆ ಹಳದಿ ತುಂಬಿದರು. ಕುಂಚ ಗೆರೆ ದಾಟಲಿಲ್ಲ.

“ಇದು ಒಣಗೋಕೆ ಒಂದು ಗಂಟೆ ಬೇಕು ಸಾರ್,” ಎಂದರು. “ಅವತ್ತು ನಾನು ಕಾಯಲಿಲ್ಲ. ಬಸ್ಸಿತ್ತು.”

ಹಸಿ ಹಳದಿಯ ಮೇಲೆ ನೀಲಿ ಎಳೆದರು. ಕೋಣೆಯಲ್ಲಿದ್ದವರೆಲ್ಲ ಬಗ್ಗಿದರು. ಎರಡು ಬಣ್ಣ ಒಂದನ್ನೊಂದು ಮುಟ್ಟಿದ ಕಡೆಯಿಂದ ನಿಧಾನವಾಗಿ, ಯಾರೋ ಒಳಗಿನಿಂದ ದೀಪ ಹಚ್ಚಿದ ಹಾಗೆ, ಗಿಳಿಹಸಿರು ಎದ್ದು ಬಂತು. ಅಂಚಿನವರೆಗೆ ಹರಡಿ, ಅಂಚಿನಲ್ಲಿ ನಿಂತಿತು. ಮೇಷ್ಟ್ರು ಮೂಲ ನಕ್ಷೆಯನ್ನು ಪಕ್ಕದಲ್ಲಿ ಬಿಚ್ಚಿಟ್ಟರು. ಎರಡು ಕಿವಿಗಳೂ ಅವಳಿಜವಳಿಯಂತಿದ್ದವು. ಅದರ ಪಕ್ಕದಲ್ಲೇ ನಿಜವಾದ ಉದ್ಯಾನದ ಕಡುಹಸಿರಿತ್ತು. ಅದು ಬೇರೆ ಜಾತಿ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಮೂವತ್ತೊಂದು ವರ್ಷದ ಹಿಂದೆ ಒಂದು ಖಾಲಿ ಕೋಣೆಯಲ್ಲಿ, ಯಾರೂ ನೋಡದಿದ್ದಾಗ ನಡೆದದ್ದು ಈಗ ಎಲ್ಲರ ಕಣ್ಣೆದುರು ನಡೆದಿತ್ತು.

“ಇದ್ರಲ್ಲಿ ಹಸಿರು ಇಲ್ಲವೇ ಇಲ್ಲ ಸಾರ್. ಇರೋದು ಹಳದಿ, ಅದ್ರ ಮೇಲೆ ನೀಲಿ. ‘ವಾ’ದ ದೀರ್ಘ ಕಾಣದೆ ನಾನು ಮಾಡಿದ ತಪ್ಪು.”

ನಿರ್ದೇಶಕರು ನಿರೀಕ್ಷಿಸಿದಂತೆಯೇ ಹೇಳಿದರು: ಹಾಗಾದರೆ ತಪ್ಪನ್ನು ತಿದ್ದಿ ‘ವಾ’ ಮಾಡೋಣ. ಗೋಡೆಗೊರಗಿದ್ದ ಮಗಳು ನೆಟ್ಟಗಾದಳು. ಆಗ ನಿರ್ದೇಶಕರ ಪಕ್ಕ ಕೂತಿದ್ದ ಯೋಜಕಿ ಬಾಯಿ ಹಾಕಿದಳು. ಪೆನ್ಸಿಲಿನ ಅಕ್ಷರಕ್ಕೆ ಯಾರೂ ಸಹಿ ಹಾಕಿಲ್ಲ, ಸಹಿ ಬಿದ್ದಿರುವುದು ಬಣ್ಣಕ್ಕೆ; ದೊಡ್ಡವರು ಸಹಿ ಹಾಕುವಾಗ ಆ ಜಾಗದಲ್ಲಿ ಹಳದಿಯೂ ಇತ್ತು, ನೀಲಿಯೂ ಇತ್ತು; ಅಂದರೆ ಮನೆಗೂ ಒಪ್ಪಿಗೆ, ಅಂಗಡಿಗೂ ಒಪ್ಪಿಗೆ, ಅದೂ ಹೊತ್ತುಗೊತ್ತು ನೋಡದೆ ಎಂದು ವಾದಿಸಿದಳು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನುರಿತ ನಿರ್ದೇಶಕರಿಗೂ, ಎರಡು ಕಡೆಗೂ ಬೆಳಕು ಬೀಳುವ ಇಂಥ ದೀಪ ಸಿಕ್ಕಿದ್ದು ಅದೇ ಮೊದಲು. ಎರಡನೆಯ ಪೆನ್ನು ಎತ್ತಿದರು. ಇದಕ್ಕೆ ನಕ್ಷೆಯ ಸೂಚಿಯಲ್ಲಿ ಏನೆಂದು ಬರೆಯಬೇಕು ಎಂದು ಕೇಳಿದರು.

“ವ-ವಾ,” ಎಂದಳು ಯೋಜಕಿ.

ನಿರ್ದೇಶಕರು ಅದನ್ನೊಮ್ಮೆ ಗಂಭೀರವಾಗಿ ಉಚ್ಚರಿಸಿ ನೋಡಿದರು. ಹೊರಗೆ ನಿಂತವರಿಗೆ, ಸಾಹೇಬರು ಏನನ್ನೋ ಮೆಚ್ಚಿ ಉದ್ಗಾರ ತೆಗೆದಂತೆ ಕೇಳಿಸಿತು. ಸೈಕಲ್ ರಿಪೇರಿಯವನು ಗೆದ್ದೆವು ಎಂದು ಸಾರಿಯೇಬಿಟ್ಟ, ಒಳಗೆ ಸಹಿ ಬೀಳುವುದಕ್ಕೆ ಅರ್ಧ ನಿಮಿಷ ಮೊದಲೇ.

ಜನ ಕರಗಿದ ಮೇಲೆ ಮೇಷ್ಟ್ರು ನಿರ್ದೇಶಕರ ಎದುರು ತಲೆ ತಗ್ಗಿಸಿ, ಆ ಹಿತ್ತಾಳೆ ಫಲಕ ಬೇಡ ಎಂದರು. ನಿರ್ದೇಶಕರು ಎರಡು ಕಿವಿಗಳನ್ನೂ ಭೂತಗನ್ನಡಿಯಲ್ಲಿ ಬಹಳ ಹೊತ್ತು ಪರೀಕ್ಷಿಸಿದರು. ಬಣ್ಣ ತಪ್ಪಿದೆ, ನಿಜ. ಆದರೆ ಮೂವತ್ತೊಂದು ವರ್ಷದ ಹಿಂದೆಯೂ, ಇವತ್ತೂ, ಗೆರೆ ಎಲ್ಲಿ ದಾಟಿದೆ, ತೋರಿಸಿ ಎಂದರು. ಮೇಷ್ಟ್ರು ಬಗ್ಗಿ ನೋಡಿದರು. ದಾಟಿರಲಿಲ್ಲ. ಸೊಂಟದ ಬೀಗದ ಕೈ ತನ್ನಷ್ಟಕ್ಕೆ ಒಮ್ಮೆ ಕಿಣಿ ಎಂದಿತು.

ಮಗಳು ಮೆಟ್ಟಿಲಿನ ಬಳಿ ಕಾದಿದ್ದಳು. ಅಪ್ಪನ ಕೈ ಹಿಡಿದು, ಬೆರಳಿಗೆ ಅಂಟಿದ್ದ ಗಿಳಿಹಸಿರನ್ನು ತನ್ನ ಕರವಸ್ತ್ರದಿಂದ ಒರೆಸಿದಳು. ಅದು ಪೂರ್ತಿ ಹೋಗಲಿಲ್ಲ. ಅವಳು ಹೊರಟ ಮೇಲೆ ಮೇಷ್ಟ್ರು ತಮ್ಮ ಮೇಜಿಗೆ ಬಂದು ನಕ್ಷೆಯನ್ನು ಡ್ರಾಯರಿಗೆ ಸೇರಿಸುವಾಗ, ಯೋಜಕಿ ಬಂದು ಅದರ ತುದಿ ಹಿಡಿದುಕೊಂಡಳು.

“ಮೇಷ್ಟ್ರೇ, ಒಂದ್ನಿಮಿಷ. ಇದೇ ತಪ್ಪನ್ನ ಬೇಕು ಅಂತ ಮಾಡೋದಾದ್ರೆ, ಇನ್ನೆಲ್ಲೆಲ್ಲಿ ಮಾಡ್ಬಹುದು?”

ಮೇಷ್ಟ್ರು ಗೋಡೆ ಗಡಿಯಾರ ನೋಡಿದರು. ಐದು ಗಂಟೆ ಐದು ನಿಮಿಷ. ಬಾಗಿಲು ನೋಡಿದರು. ಆಮೇಲೆ ನಕ್ಷೆಯನ್ನು ಮತ್ತೆ ಪೂರ್ತಿ ಹಾಸಿ, ನದಿಯಾಚೆಯ ಹಳದಿಯನ್ನು ನೋಡಿದರು. ಅಷ್ಟು ವಿಸ್ತಾರವಾದ ಹಳದಿ, ಅದರಲ್ಲಿ ಒಂದು ಚುಕ್ಕೆ ನೀಲಿಯಿಲ್ಲ. ಈಚೆಯ ನೀಲಿಯನ್ನು ನೋಡಿದರು, ಸಂಜೆಯಾದರೆ ಒಂದು ದೀಪ ಹತ್ತದ ನೀಲಿ. ಇದನ್ನೆಲ್ಲ ತಾವೇ ತುಂಬಿದ್ದು. ಹಾಳೆ ಹಳೆಯದಾಗಿತ್ತು, ಆದರೂ ಅವರಿಗೆ ಎಲ್ಲವೂ ಇನ್ನೂ ಹಸಿಯಾಗಿಯೇ ಇರುವಂತೆ ಕಂಡಿತು. ಕುಂಚ ಕೈಯಲ್ಲೇ ಇತ್ತು, ತೊಳೆದಿರಲಿಲ್ಲ.

“ಇಲ್ಲಿ,” ಎಂದರು, ತಮ್ಮ ಮನೆಯ ಬೀದಿಯ ತುದಿಯನ್ನು ತೋರಿಸಿ. “ಇಲ್ಲೊಂದು. ಸೇತುವೆ ಇಳಿದ ಕೂಡ್ಲೇ ಇಲ್ಲಿ. ಆಮೇಲೆ ನೋಡಿ ಮೇಡಂ, ಈ ಕಡೆ...”

ಕಿಟಕಿಯ ಕೆಳಗೆ ಐದು ಇಪ್ಪತ್ತರ ಬಸ್ಸು ಬಂದು ನಿಂತಿತು. ಡ್ರೈವರು, ಮೂವತ್ತೊಂದು ವರ್ಷದ ಅಭ್ಯಾಸಕ್ಕೆ ಗೌರವ ಕೊಟ್ಟು, ಎರಡು ಸಲ ಹಾರನ್ನು ಹೊಡೆದು ಕಾದ. ಮೇಲಿನ ಕಿಟಕಿಯಲ್ಲಿ ನಕ್ಷೆಯ ಮೇಲೆ ಬಗ್ಗಿದ ಎರಡು ತಲೆ ಕಂಡವು. ಮೂರನೆಯ ಸಲ ಹಾರನ್ನು ಹೊಡೆದು, ಅವನು ಸೇತುವೆಯ ಕಡೆಗೆ ಹೊರಟ.